ಚಿನ್ನದ ಗಣಿಯ ಊರಿನಲ್ಲಿ ಎರಡು ತಿಂಗಳು

ಕೋಲಾರದ ಚಿನ್ನದ ಗಣಿಗಳ ಹೆಸರನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಆದರೆ ವಿಶ್ರಾಂತಿಗೆಂದು ಅಲ್ಲಿಗೆ ಹೋಗಿ ಎರಡು ತಿಂಗಳು ನಿಂತು ಬಂದವರು ಇನ್ನೂ ವಿರಳರೆಂದು ತೋರುತ್ತದೆ. ಗಾಳಿ ಬದಲಾವಣೆಗೆ ಹೊರಟವರು ಊಟಿಗೋ ಮಡಿಕೇರಿಗೋ ಹೋಗುವುದು, ಪುಣ್ಯಾರ್ಥಿಗಳಾದರೆ ಕಾಶಿಗೋ ರಾಮೇಶ್ವರಕ್ಕೋ ಹೋಗುವುದು ಲೋಕರೂಢಿ. ಗಣಿ ಮುಚ್ಚಿಹೋದ ಊರಿಗೆ, ಅದೂ ಎರಡು ನಾಯಿಗಳನ್ನು ಹಿಡಿದುಕೊಂಡು, ಅರುವತ್ತರ ದಂಪತಿಗಳು ಹೊರಟರೆಂದರೆ ನಂಟರಿಷ್ಟರು ನಕ್ಕದ್ದು ಸಹಜವೇ. ಆದಕಾರಣ ಹೋದದ್ದೇಕೆಂಬುದನ್ನು ಮೊದಲು ಹೇಳಿಬಿಡುವುದು ಮೇಲು.

ನಮ್ಮ ಸಹಧರ್ಮಿಣಿಗೆ ಹಿಮವನ್ನು ನೋಡಬೇಕೆಂಬ ಆಸೆ ಬಹುಕಾಲದ್ದು. ನಾವು ಮನೆಯ ಪಡಸಾಲೆಯಲ್ಲಿ ಹುಡುಗರಿಗೆ ಕುಮಾರಸಂಭವದ ಮೊದಲನೆಯ ಸರ್ಗವನ್ನು ಪಾಠ ಹೇಳುತ್ತಿದ್ದ ಕಾಲದಲ್ಲಿ ಆಕೆ ಅಡಿಗೆಯ ಮನೆಯಿಂದಲೇ ಹಿಮವಂತನ ವರ್ಣನೆಯನ್ನು ಕೇಳಿ ಕೇಳಿ, ನಮ್ಮ ಶಿಷ್ಯರಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿಕೊಂಡಿದ್ದರು. ಈಚೆಗೆ, ಪರದೇಶದಲ್ಲಿರುವ ಬಂಧುಗಳು ಒಂದು ಚಿತ್ರವನ್ನು ಕಳುಹಿಸಿದರು. ನಮ್ಮ ವಯಸ್ಸಿನವರೇ ಆದ ಗಂಡ ಹೆಂಡಿರು ಉದ್ಯೋಗದಿಂದ ನಿವೃತ್ತರಾಗಿ, ನಾಯಿಗಳನ್ನು ಸಂಗಡ ಕೂರಿಸಿಕೊಂಡು, ಚಳಿಗಾಲವನ್ನೆಲ್ಲ ಮಂಜಿನ ಬೆಟ್ಟದ ತಪ್ಪಲಿನಲ್ಲಿ ಕಳೆಯುತ್ತಾರಂತೆ. ಕಾಲಿಗೆ ಒಂದು ಹಲಗೆಯನ್ನು ಬಿಗಿದುಕೊಂಡು ಇಳಿಜಾರಿನಲ್ಲಿ ಜಾರುತ್ತಾರಂತೆ. ಈ ಆಟಕ್ಕೆ ಸ್ನೋಬೋರ್ಡಿಂಗ್ ಎಂದು ಹೆಸರು. ಇದು ಬಹಳ ಹಳೆಯದೇನೂ ಅಲ್ಲ. ಅಮೆರಿಕದ ಮಿಚಿಗನ್ ಸೀಮೆಯಲ್ಲಿ ಷರ್ಮನ್ ಪಾಪನ್ ಎಂಬಾತನು 1965ನೆಯ ಇಸವಿಯ ಕ್ರಿಸ್ಮಸ್ ದಿನದಂದು ತನ್ನ ಹೆಣ್ಣುಮಕ್ಕಳ ವಿನೋದಕ್ಕಾಗಿ ಎರಡು ಹಲಗೆಗಳನ್ನು ಜೋಡಿಸಿ ಕೊಟ್ಟದ್ದೇ ಇದರ ಮೂಲ. 1998ರಲ್ಲಿ ಜಪಾನಿನ ನಾಗಾನೋ ಒಲಿಂಪಿಕ್ ಕ್ರೀಡೆಗಳಲ್ಲಿ ಇದಕ್ಕೆ ಸ್ಥಾನ ದೊರೆಯಿತು. ನಮ್ಮ ದೇಶದಲ್ಲಿಯೂ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ಮೊದಲಾದ ಕಡೆ ಇದನ್ನು ಕಲಿಯುವವರೂ ಕಲಿಸುವವರೂ ಇದ್ದಾರೆ.

ಚಿತ್ರವನ್ನು ನೋಡಿದ ದಿನದಿಂದ ನಮ್ಮಾಕೆಯ ಹಳೆಯ ಆಸೆ ಚಿಗುರಿತು. ಹಲಗೆಯ ಮಾತು ಹಾಗಿರಲಿ, ಗುಲ್ಮಾರ್ಗಿನವರೆಗಾದರೂ ಹೋಗಿಬರೋಣವೆಂದರು. ಆದರೆ ಆ ಊರು ಸಮುದ್ರಮಟ್ಟಕ್ಕೆ 8,000 ಅಡಿಗೂ ಮೇಲಿರುವುದು. ಅಷ್ಟು ಎತ್ತರ ಆಕೆಯ ಹೃದಯಕ್ಕೆ ಸಲ್ಲದೆಂದು ವೈದ್ಯರು ಖಂಡಿತವಾಗಿ ಹೇಳಿಬಿಟ್ಟರು. ಎರಡನೆಯ ತೊಡಕು ನಾಯಿಗಳದು. ಹಿರಿಯಳಾದ ಸರಮೆಗೆ ಹದಿಮೂರು ತುಂಬಿತ್ತು; ಅವಳನ್ನು ಬಿಟ್ಟು ಹೋಗುವಂತೆಯೂ ಇಲ್ಲ, ಕರೆದುಕೊಂಡು ಹೋಗುವಂತೆಯೂ ಇಲ್ಲ. ಹೀಗಿರಲು, ಬಂಗಾರಪೇಟೆಯಲ್ಲಿ ಬ್ಯಾಂಕಿನ ಉದ್ಯೋಗದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಈ ಸಂಗತಿಯನ್ನು ಕೇಳಿ, "ಅಮ್ಮನವರಿಗೆ ಬಿಳಿಯ ಬೆಟ್ಟವೇ ಬೇಕಾದರೆ ನಮ್ಮಲ್ಲಿಗೆ ಬನ್ನಿ, ಇಲ್ಲಿ ಹದಿಮೂರು ಇವೆ" ಎಂದು ಬರೆದನು. ಹಾಸ್ಯಕ್ಕೆ ಬರೆದ ಮಾತನ್ನು ನಮ್ಮಾಕೆ ನಿಜವಾಗಿಯೇ ಹಿಡಿದರು.

ಇಲ್ಲಿ ನಾಯಿಗಳ ಹೆಸರಿನ ವಿಷಯವಾಗಿ ಒಂದೆರಡು ಮಾತು. ಸರಮೆಯೆಂಬುದು ಋಗ್ವೇದದ ದೇವಶುನಿಯ ಹೆಸರು. ಪಣಿಗಳೆಂಬವರು ಬಂಡೆಯ ಮರೆಯಲ್ಲಿ ಬಚ್ಚಿಟ್ಟಿದ್ದ ಗೋವುಗಳನ್ನು ಇಂದ್ರನಿಗಾಗಿ ಮೂಸಿ ಪತ್ತೆಮಾಡಿದವಳು ಆಕೆ. ಕಿರಿಯದಾದ ಕಾಳಿಯ ಹೆಸರು ನಮ್ಮ ನಾಡಿನದೇ. ಗಂಗರ ಇಮ್ಮಡಿ ಬೂತುಗನ ಸೇವೆಯಲ್ಲಿದ್ದ ಮಣಲೆರನೆಂಬ ವೀರನು ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿಸಿದಾಗ, ಮೆಚ್ಚಿದ್ದನ್ನು ಬೇಡು ಎಂದರೆ, ಊರನ್ನು ಬೇಡದೆ ಹೊನ್ನನ್ನು ಬೇಡದೆ, ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟರು. ಸುಮಾರು 950ನೆಯ ಇಸವಿಯ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಆ ಗಂಗರಸರು ತಮ್ಮ ಬಿರುದುಗಳಲ್ಲಿ ಕುವಳಾಲಪುರದ ಒಡೆಯರೆಂದು ಹೇಳಿಕೊಳ್ಳುತ್ತಿದ್ದರು; ಕುವಳಾಲವೆಂದರೆ ಇಂದಿನ ಕೋಲಾರವೇ. ಆದಕಾರಣ ನಮ್ಮ ಕಾಳಿ ಆ ಸೀಮೆಗೆ ಹೋದದ್ದು ಅತಿಥಿಯಾಗಿ ಅಲ್ಲ, ಹಕ್ಕುದಾರನಾಗಿ ಎಂದು ನಾವು ಮನೆಯಲ್ಲಿ ಹೇಳಿಕೊಂಡು ನಗುತ್ತಿದ್ದೆವು. ಮಡಿವಂತರ ಮನೆಯಲ್ಲಿ ನಾಯಿಯೇ ಎಂದು ಕೇಳುವವರಿಗೆ ನಮ್ಮ ಬಳಿ ಒಂದೇ ಉತ್ತರ: ಧರ್ಮರಾಯನು ಸ್ವರ್ಗದ ರಥವನ್ನಾದರೂ ಬಿಟ್ಟಾನು, ಹಿಮಾಲಯದಲ್ಲಿ ಹಿಂದೆ ಬಂದ ನಾಯಿಯನ್ನು ಬಿಡಲಿಲ್ಲ.

ನಾಯಿಯೊಡನೆ ರೈಲಿನಲ್ಲಿ ಹೋಗುವುದು ಸುಲಭವಲ್ಲ. ಮೊದಲನೆಯ ತರಗತಿಯಲ್ಲಿ ಕೋಣೆಯನ್ನು ಇಡಿಯಾಗಿ ಕಾದಿರಿಸಿಕೊಂಡರೆ ಮಾತ್ರ ಸಂಗಡ ಒಯ್ಯಬಹುದು. ಇಲ್ಲವಾದರೆ ಗಾರ್ಡಿನ ಗಾಡಿಯಲ್ಲಿರುವ ಪೆಟ್ಟಿಗೆಯಲ್ಲಿ ಹಾಕಬೇಕು. ಬಂಗಾರಪೇಟೆಯ ಕಡೆಗೆ ಹೋಗುವ ಸಣ್ಣ ಗಾಡಿಗಳಲ್ಲಿ ಮೊದಲನೆಯ ತರಗತಿಯೇ ಇಲ್ಲ. ಮುದಿನಾಯಿಯನ್ನು ಪೆಟ್ಟಿಗೆಗೆ ತುಂಬಲು ಮನಸ್ಸು ಬಾರದೆ, ಬೆಂಗಳೂರಿನಿಂದ ಬಾಡಿಗೆಯ ಮೋಟಾರನ್ನು ಗೊತ್ತುಮಾಡಿಕೊಂಡು ಡಿಸೆಂಬರ್ ಮೊದಲನೆಯ ವಾರದಲ್ಲಿ ಹೊರಟೆವು.

ಮೊದಲ ಎಂಟು ದಿನ ನಮ್ಮ ಬಿಡಾರ ಬಂಗಾರಪೇಟೆಯಲ್ಲಿ, ಶಿಷ್ಯನ ಮನೆಯ ಹಿತ್ತಿಲಿನ ಎರಡು ಕೋಣೆಗಳಲ್ಲಿ. ಈ ಊರಿನ ಹೆಸರಿನಲ್ಲಿ ಬಂಗಾರವಿರುವುದನ್ನು ಕಂಡು ಚಿನ್ನದ ಗಣಿಯಿಂದಲೇ ಹೆಸರು ಬಂದಿತೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಇದು 1862ರಿಂದ 1870ರ ವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ದೊರೆಯ ಹೆಸರಿನ ಬೌರಿಂಗ್‌ಪೇಟೆ. ಜನರ ನಾಲಗೆ ಅದನ್ನು ತಿದ್ದಿ ಬಂಗಾರಪೇಟೆಯನ್ನಾಗಿ ಮಾಡಿತು. ತಿದ್ದುಪಡಿ ಮೂಲಕ್ಕಿಂತ ಸೊಗಸಾಗಿದೆಯೆಂದು ನಮ್ಮ ಮತ. ರೈಲ್ವೆಯವರ ಸಂಕೇತಾಕ್ಷರಗಳಲ್ಲಿ ಮಾತ್ರ ಬೌರಿಂಗ್ ಇನ್ನೂ ಉಳಿದಿದ್ದಾನೆ. ಬೆಂಗಳೂರಿನಿಂದ ಜೋಲಾರಪೇಟೆಗೆ 1864ರಲ್ಲಿ ರೈಲು ಬಂದ ಬಳಿಕ ಬೆಳೆದ ಊರಿದು. ಪೇಟೆಯ ಬೀದಿಗಳಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಒಂದೇ ವಾಕ್ಯದಲ್ಲಿ ಸೇರಿಕೊಳ್ಳುತ್ತವೆ. ಇಲ್ಲಿಯ ಪಾನಿಪುರಿ ಈಗ ಬೆಂಗಳೂರಿನವರೆಗೂ ಹೆಸರಾಗಿದೆ. ಬೇರೆ ಕಡೆಯ ಹಸುರು ಪಾನಕದಂತಲ್ಲದೆ ಇದರ ನೀರು ಬಾವಿಯ ನೀರಿನಂತೆ ತಿಳಿಯಾಗಿದ್ದು, ಬಾಯಿಗೆ ಹಾಕಿದ ಮೇಲೆಯೇ ಅದರ ಖಾರ ತಿಳಿಯುವುದು. ಹೊರಗೆ ತಿನ್ನಬಾರದೆಂಬ ನಿಯಮವನ್ನು ಮೂವತ್ತೈದು ವರ್ಷ ಹುಡುಗರಿಗೆ ಬೋಧಿಸಿದ ನಾವು ಅಲ್ಲಿ ನಾಲ್ಕು ಸಂಜೆ ಸಾಲಿನಲ್ಲಿ ನಿಂತೆವು.

ನಾಯಿಗಳಿದ್ದ ಕಾರಣ ಎಲ್ಲಿಗೆ ಹೋಗಬೇಕಾದರೂ ನಮ್ಮಲ್ಲಿ ಒಬ್ಬರು ಮನೆಯಲ್ಲಿರಬೇಕಾಗಿತ್ತು. ಹೀಗಾಗಿ ಕಮ್ಮಸಂದ್ರದ ಕೋಟಿಲಿಂಗೇಶ್ವರವನ್ನು ನಾವು ಸೋಮವಾರವೂ ನಮ್ಮಾಕೆ ಮಂಗಳವಾರವೂ ನೋಡಿದೆವು. ಅಲ್ಲಿಯ 108 ಅಡಿ ಎತ್ತರದ ಲಿಂಗವನ್ನೂ, ಸುತ್ತಲೂ ಭಕ್ತರು ಪ್ರತಿಷ್ಠಿಸಿದ ಲೆಕ್ಕವಿಲ್ಲದಷ್ಟು ಸಣ್ಣ ಲಿಂಗಗಳನ್ನೂ ಕಂಡು ಬಂದ ಬಳಿಕ ಸಂಜೆ ಇಬ್ಬರೂ ಕುಳಿತು ತಾವು ಕಂಡದ್ದನ್ನು ಹೋಲಿಸಿ ನೋಡುವುದು ಒಂದು ವಿನೋದವಾಯಿತು. ಹೈದರಾಲಿಯು ಹುಟ್ಟಿದ ಬೂದಿಕೋಟೆಯೂ ಈ ಸೀಮೆಯಲ್ಲಿಯೇ ಇದೆ. ಅಲ್ಲಿಗೆ ಮಾತ್ರ ನಾಲ್ವರೂ ಹೋದೆವು. ಬೇತಮಂಗಲದಲ್ಲಿ ಪಾಲಾರ್ ನದಿಗೆ ಕಟ್ಟಿದ ದೊಡ್ಡ ಕೆರೆಯಿದೆ. ಗಣಿಗಳ ಊರಿಗೆ ಕುಡಿಯುವ ನೀರು ಹರಿಯುತ್ತಿದ್ದುದು ಅಲ್ಲಿಂದಲೇ. ಕಾಳಿ ಅದರಲ್ಲಿ ಈಜಿದನು. ಸರಮೆ ದಡದಲ್ಲಿ ಕುಳಿತು ಅವನ ಮೇಲೆ ಬೊಗಳಿದಳು.

ಬಂಗಾರಪೇಟೆಯಿಂದ ಗಣಿಗಳಿಗೆ ಒಂದು ಕವಲು ದಾರಿ ಹೋಗುತ್ತದೆ. 1894ರಲ್ಲಿ ಹಾಕಿದ ಈ ದಾರಿ ಸುಮಾರು ಹತ್ತು ಮೈಲಿ ನಡೆದು ಮಾರಿಕುಪ್ಪಮ್ಮಿನಲ್ಲಿ ಮುಗಿಯುವುದು. ಊರಗಾಂ, ಚಾಂಪಿಯನ್, ಕೋರಮಂಡಲ ಎಂಬ ನಿಲ್ದಾಣಗಳ ಹೆಸರುಗಳೆಲ್ಲ ಹಿಂದಿನ ಗಣಿಗಳನ್ನೇ ನೆನಪಿಗೆ ತರುತ್ತವೆ. ಒಂದು ಕಾಲದಲ್ಲಿ ಈ ಗಾಡಿಗಳು ಎಲ್ಲೆಲ್ಲಿಂದಲೋ ಕೂಲಿಗಾರರನ್ನು ಗಣಿಗೆ ತರುತ್ತಿದ್ದುವು. ಈಗ ಗಣಿಯವರ ಮಕ್ಕಳನ್ನು ಬೆಂಗಳೂರಿಗೆ ಒಯ್ಯುತ್ತವೆ. ಬೆಳಗಿನ ಜಾವದ ಕತ್ತಲೆಯಲ್ಲಿಯೇ ಬುತ್ತಿಯ ಚೀಲಗಳನ್ನು ಹಿಡಿದು ಹೊರಟ ಗಂಡಸರೂ ಹೆಂಗಸರೂ ರಾತ್ರಿಯ ಗಾಡಿಗೆ ಮರಳುವರು. ನಾವು ಊರಗಾಮಿನಲ್ಲಿ ಬಾಡಿಗೆಗೆ ಹಿಡಿದ ಹಳೆಯ ಬಂಗಲೆಯಿಂದ ಮುಂಜಾನೆ ನಾಯಿಗಳನ್ನು ತಿರುಗಾಡಿಸಲು ಹೊರಟರೆ, ಎದುರಿಗೆ ಈ ಜನ ಸಾಲಾಗಿ ಓಡುವುದು ಕಾಣುತ್ತಿತ್ತು. ಅವರು ಹೋದ ಮೇಲೆ ಹಗಲೆಲ್ಲ ಊರು ಮುದುಕರದು, ಮಕ್ಕಳದು, ನಾಯಿಗಳದು.

ಗಣಿಯ ಚರಿತ್ರೆಯನ್ನು ವಿಸ್ತಾರವಾಗಿ ಬರೆಯಲು ಇದು ಸ್ಥಳವಲ್ಲ. 1802ರಲ್ಲಿ ವಾರೆನ್ ಎಂಬ ದಂಡಿನ ಅಧಿಕಾರಿಯು ಮೈಸೂರಿನ ಗಡಿಯನ್ನು ಅಳೆಯಲು ಬಂದಾಗ ಇಲ್ಲಿಯ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನವನ್ನು ತೆಗೆಯುವುದನ್ನು ಕಂಡನು. ಎಪ್ಪತ್ತು ವರ್ಷಗಳ ಬಳಿಕ, ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬೆಂಗಳೂರಿನ ದಂಡಿನಲ್ಲಿ ನೆಲಸಿದ್ದ ಐರ್ಲೆಂಡಿನ ಲವೆಲ್ ಎಂಬ ನಿವೃತ್ತ ಸಿಪಾಯಿಯು ಆ ಹಳೆಯ ವರದಿಯನ್ನು ಓದಿ, ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದು, 1873ರಲ್ಲಿ ಗಣಿ ತೋಡಲು ಸರ್ಕಾರಕ್ಕೆ ಅರ್ಜಿ ಹಾಕಿದನು. ನಿವೃತ್ತನಾದವನು ಸುಮ್ಮನೆ ಕೂರಲಾರದೆ ಹೊರಟದ್ದರಿಂದಲೇ ಇಷ್ಟೆಲ್ಲ ಆಯಿತೆಂದು ನಮ್ಮಾಕೆಗೆ ಹೇಳಿದೆವು. ಅವರು ಅದಕ್ಕೆ ಉತ್ತರ ಕೊಡಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿಯವರು ಕೈಹಾಕಿದ ಮೇಲೆ ಗಣಿ ನಿಜವಾಗಿ ಬೆಳೆಯಿತು.

ಆದರೆ ಒಂದು ಸಂಗತಿಯನ್ನು ಮಾತ್ರ ಬಿಡಲಾಗದು. ಆಳಕ್ಕೆ ಹೋದಂತೆ ನೀರೆತ್ತುವುದಕ್ಕೂ ಅದಿರನ್ನು ಅರೆಯುವುದಕ್ಕೂ ಉಗಿಯ ಯಂತ್ರಗಳು ಸಾಲದೆ ಬಂದುವು. ಆಗ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್‌ರವರ ಕಾಲದಲ್ಲಿ ಶಿವನಸಮುದ್ರದ ಹತ್ತಿರ ಕಾವೇರಿಯ ಬೀಳಿನಿಂದ ವಿದ್ಯುತ್ತನ್ನು ತೆಗೆಯುವ ಕಾರ್ಯ ಹೂಡಲ್ಪಟ್ಟು, 1902ನೆಯ ಜೂನ್ ತಿಂಗಳಿನಲ್ಲಿ ಆ ಶಕ್ತಿ ತಂತಿಗಳ ಮೇಲೆ ತೊಂಬತ್ತು ಮೈಲಿಗೂ ಹೆಚ್ಚು ದೂರ ಹರಿದು ಗಣಿಗೆ ಬಂದು ಸೇರಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ಯುವುದು ಆಗ ಲೋಕದಲ್ಲಿಯೇ ಅಪೂರ್ವವಾಗಿತ್ತು. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ನಾವು ಮೈಸೂರು ಸೀಮೆಯವರು. ಕಾವೇರಿಯ ನೀರನ್ನು ಕುಡಿದು ಬೆಳೆದವರು. ಆ ನೀರಿನ ಬಲ ಇಲ್ಲಿಯ ಕತ್ತಲೆಗೆ ಇಳಿದಿತ್ತೆಂಬುದು ಸಣ್ಣ ಮಾತೆಂದು ನಮಗೆ ತೋರಲಿಲ್ಲ.

ಚಾಂಪಿಯನ್ ಗಣಿಯ ಆಳ ಹತ್ತು ಸಾವಿರ ಅಡಿಯನ್ನು ಮೀರಿತ್ತು. ಅಂದರೆ ಚಾಮುಂಡಿ ಬೆಟ್ಟದಂಥ ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟು ಇಳಿಸಿದರೂ ಅನೇಕವು ಹಿಡಿಸುವಷ್ಟು. ಅಲ್ಲಿ ಕೆಳಗೆ ಬಂಡೆಯನ್ನು ಮುಟ್ಟಿದರೆ ಕೈ ಸುಡುತ್ತಿತ್ತು. ಆ ಆಳವನ್ನು ಚಿನ್ನಕ್ಕಲ್ಲದೆ ಬೇರೆ ಪ್ರಯೋಜನಕ್ಕೂ ಬಳಸಿದರು. ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯ ಪಂಡಿತರು ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹಮ್ ವಿದ್ಯಾಪೀಠಗಳವರೊಡನೆ ಸೇರಿ, ಏಳು ಸಾವಿರ ಅಡಿಗೂ ಕೆಳಗೆ ಯಂತ್ರಗಳನ್ನಿಟ್ಟು, ವಾಯುಮಂಡಲದಲ್ಲಿ ಹುಟ್ಟಿ ಭೂಮಿಯನ್ನೇ ಹಾದುಹೋಗುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಗುರುತನ್ನು 1965ರಲ್ಲಿ ಕಂಡುಹಿಡಿದರು. ಮೇಲಿರುವಷ್ಟು ಬಂಡೆ ಉಳಿದೆಲ್ಲ ಕಿರಣಗಳನ್ನು ತಡೆಯುವುದರಿಂದ ಅವು ಅಲ್ಲಿ ಮಾತ್ರ ಕಾಣಸಿಕ್ಕುವುವು. ಮಿಚಿಗನ್ನಿನಲ್ಲಿ ಒಬ್ಬನು ಹಲಗೆ ಜೋಡಿಸಿದ ವರ್ಷವೇ ಇದೂ ಆಯಿತು.

ಗಣಿ 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೂ 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರನ್ನು ತಾಳಿ, 2001ನೆಯ ಫೆಬ್ರವರಿ 28ರಂದು ಮುಚ್ಚಿತು. ಒಟ್ಟು ಎಂಟು ನೂರು ಟನ್ನಿಗೂ ಹೆಚ್ಚು ಚಿನ್ನ ಇಲ್ಲಿಂದ ಹೊರಟುಹೋಯಿತೆಂದು ಲೆಕ್ಕ. ಹೋಗದೆ ಉಳಿದುದು ಬಿಳಿಯ ಬೆಟ್ಟಗಳು.

ಈ ಬೆಟ್ಟಗಳು ದೇವರು ಮಾಡಿದವಲ್ಲ. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ಎಂಬ ವಿಷದ ದ್ರಾವಣದಲ್ಲಿ ನೆನೆಸಿದರೆ ಚಿನ್ನವೆಲ್ಲ ಅದರಲ್ಲಿ ಕರಗಿ ಬರುವುದು. ಉಳಿದ ಕಲ್ಲಿನ ಹಿಟ್ಟನ್ನು ತಂದು ಸುರಿಯುವರು. ಹೀಗೆ ನೂರು ವರ್ಷಕ್ಕೂ ಮೀರಿ ಸುರಿದದ್ದು ಹದಿಮೂರು ರಾಶಿಗಳಾಗಿ, ಮೂರು ಕೋಟಿ ಟನ್ನಿಗೂ ಹೆಚ್ಚಾಗಿ ನಿಂತಿದೆ. ಊರಿನವರು ಸೈನೈಡ್ ಗುಡ್ಡವೆನ್ನುತ್ತಾರೆ. ದೂರದಿಂದ ಬಿಳುಪು, ಹತ್ತಿರ ಹೋದರೆ ಆ ಬಿಳುಪಿನಲ್ಲಿ ತುಸು ಹಳದಿ. ಮಳೆಯ ನೀರು ಕೊರೆದ ಬಿರುಕುಗಳು ಮೇಲಿನಿಂದ ಕೆಳಗಿನವರೆಗೆ ಸಾವಿರಾರು. ಹುಲ್ಲು ಅಲ್ಲಲ್ಲಿ ಮಾತ್ರ. 2018ರಲ್ಲಿಯೂ 2022ರಲ್ಲಿಯೂ ಹೊರಬಂದ, ಈ ಊರಿನ ಹೆಸರನ್ನೇ ಇಟ್ಟುಕೊಂಡ ಕನ್ನಡ ಚಲಚ್ಚಿತ್ರಕ್ಕೆ ಇಲ್ಲಿಯೇ ಚಿತ್ರಗಳನ್ನು ತೆಗೆದರು. ಅಲ್ಲಿಂದೀಚೆಗೆ ನೋಡಲು ಬರುವವರು ಹೆಚ್ಚು. ಕಥೆ ಕಲ್ಪಿತ, ಧೂಳು ಮಾತ್ರ ನಿಜ ಎಂದು ನಮ್ಮ ನೆರೆಯವರು ಹೇಳಿದರು.

ಈ ನೆರೆಯವರ ವಿಷಯವನ್ನು ಹೇಳದೆ ನಮ್ಮ ವೃತ್ತಾಂತ ಮುಂದುವರಿಯದು. ನಮ್ಮ ಬಂಗಲೆಯ ಬೇಲಿಯಾಚೆ, ಗಣಿಯ ಕೂಲಿಗಾರರಿಗೆ ಕಟ್ಟಿಸಿದ ಸಾಲುಮನೆಗಳಲ್ಲೊಂದರಲ್ಲಿ ಅವರ ವಾಸ. ಚಾಂಪಿಯನ್ ಗಣಿಯ ಒಳಗೆ ಇಪ್ಪತ್ತಾರು ವರ್ಷ ದುಡಿದು, ಮುಚ್ಚಿದ ದಿನ ಹೊರಗೆ ಬಂದವರು. ಮಾತೃಭಾಷೆ ತಮಿಳು, ನಮ್ಮೊಡನೆ ಆಡಿದ್ದು ಕೋಲಾರದ ಕನ್ನಡ. ನಾಲ್ಕು ಮಾತಿಗೊಮ್ಮೆ ನಿಂತು ಉಸಿರನ್ನು ಹುಡುಕಬೇಕಾದ ಸ್ಥಿತಿ. ಕಲ್ಲಿನ ಧೂಳು ಎದೆಗೂಡಿನಲ್ಲಿ ಕುಳಿತರೆ ಮತ್ತೆ ಹೊರಗೆ ಬರುವುದಿಲ್ಲ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಗಣಿಯವರು ಅನೇಕರು ತುತ್ತಾಗಿದ್ದಾರೆ.

ಬಂದ ಮೂರನೆಯ ದಿನವೇ ನಾವಿಬ್ಬರೂ ನಾಯಿಗಳೊಡನೆ ಗುಡ್ಡದ ಕಡೆಗೆ ಹೊರಟಿದ್ದೆವು. ಅಂದು ಭಾನುವಾರ. ಬೆಂಗಳೂರಿನಿಂದ ಬಂದ ನಾಲ್ಕಾರು ತರುಣರು ಕಾಲಿಗೆ ಕಟ್ಟುವ ಹಲಗೆಯೊಂದನ್ನು ತಂದು ಇಳಿಜಾರಿನಲ್ಲಿ ಜಾರಲು ಯತ್ನಿಸುತ್ತಿದ್ದರು. ಮರಳುಗಾಡಿನ ದಿಬ್ಬಗಳಲ್ಲಿ ಹೀಗೆ ಜಾರುವ ಪದ್ಧತಿ ನಮೀಬಿಯ, ಪೆರು ಮೊದಲಾದ ದೇಶಗಳಲ್ಲಿ ಇದೆಯೆಂದು ಅವರಲ್ಲೊಬ್ಬನು ಹೇಳಿದನು. ಆದರೆ ಇದು ಮರಳಲ್ಲ, ಹಿಟ್ಟು. ಮಳೆಗೆ ಹೆಪ್ಪುಗಟ್ಟಿ, ಬಿಸಿಲಿಗೆ ಬಿರಿದ ಹಿಟ್ಟು. ಹಲಗೆ ಹತ್ತು ಗಜ ಹೋಗಿ ಒಂದು ಬಿರುಕಿಗೆ ಸಿಕ್ಕಿಕೊಳ್ಳುವುದು, ಜಾರುವವನು ಮುಂದಕ್ಕೆ ಬೀಳುವುದು, ಬಿಳಿಯ ಧೂಳು ಏಳುವುದು. ಇದೇ ನಾಲ್ಕೈದು ಸಲ ನಡೆಯಿತು. ದೂರಕ್ಕೆ ಅದು ಹಿಮದ ತುಂತುರಿನಂತೆಯೇ ಕಂಡಿತೆಂಬುದನ್ನು ಒಪ್ಪಬೇಕು. ಕಾಳಿ ಹಗ್ಗವನ್ನು ಎಳೆಯುತ್ತಿದ್ದನು; ನಮ್ಮಾಕೆಯ ಮುಖದಲ್ಲಿಯೂ ಅಂಥದೇ ಒಂದು ಆತುರ ಕಾಣಿಸಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೈಚಪ್ಪಾಳೆ ತಟ್ಟಿ ನಿಲ್ಲಿಸಿದರು. ನೋಡಿದರೆ ಈ ನೆರೆಯವರು. ನಮ್ಮನ್ನು ತಡೆಯಲೆಂದೇ ಅರ್ಧ ಮೈಲಿ ನಡೆದು ಬಂದಿದ್ದರು. ಉಸಿರು ಬರುವವರೆಗೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತಿದ್ದು, ಬಳಿಕ ಹೇಳಿದರು: "ಮೇಷ್ಟ್ರೇ, ಅದು ಮಂಜಲ್ಲ. ಕಲ್ಲಿನ ಪುಡಿ. ಕೆಳಗೆ ನಾವು ತಿಂದದ್ದು ಸಾಲದೆ, ಮೇಲೆ ನೀವೂ ತಿನ್ನಬೇಕಾ? ನಾಯಿ ನೆಲ ಮೂಸುತ್ತೆ. ನಿಮಗಿಂತ ಅದಕ್ಕೇ ಮೊದಲು."

ಗುಡ್ಡದ ಭೂಮಿ ಗಣಿಯವರದು. ಒಳಗೆ ಹೋಗುವುದು ನಿಷಿದ್ಧ. ಅಂದಿನಿಂದ ನಾವು ಅದನ್ನು ನೋಡಿದ್ದು ಜಗುಲಿಯಿಂದಲೇ. ಜಗುಲಿ ಪೂರ್ವಾಭಿಮುಖವಾಗಿತ್ತು, ಧನುರ್ಮಾಸದ ಹುಣ್ಣಿಮೆಯ ರಾತ್ರಿ ಚಂದ್ರನು ಗುಡ್ಡದ ಮೇಲೆ ಬಂದಾಗ ಅದು ಎಲ್ಲ ಬಿರುಕುಗಳನ್ನೂ ಮರೆಸಿಕೊಂಡು ನಿಜವಾಗಿಯೂ ಹಿಮದ ರಾಶಿಯಂತೆ ಬೆಳಗಿತು. ಚಳಿಯೂ ಇದ್ದಿತು. ನಮ್ಮಾಕೆ ಕಂಬಳಿಯನ್ನು ಹೊದ್ದು, ಸರಮೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಹಳ ಹೊತ್ತು ನೋಡುತ್ತಿದ್ದರು. ಕುಮಾರಸಂಭವದ ಮಾತೇನೂ ಆಡಲಿಲ್ಲ. "ಇದರಲ್ಲಿ ಎಷ್ಟು ಜನರ ಎದೆ ಇದೆಯೋ" ಎಂದರು, ಅಷ್ಟೆ.

ನೆರೆಯವರು ಸಂಜೆಗಳಲ್ಲಿ ಬಂದು ಕುಳಿತು ಗಣಿಯ ವಿಷಯವನ್ನು ಹೇಳುತ್ತಿದ್ದರು. ಆಳದಲ್ಲಿ ಬಂಡೆ ಒತ್ತಡವನ್ನು ತಾಳಲಾರದೆ ಒಮ್ಮೆಗೇ ಸಿಡಿಯುವುದುಂಟು. ಆಗ ಮೇಲಿನ ಮನೆಗಳ ಪಾತ್ರೆಗಳು ಅಲುಗುವುವು, ರಾತ್ರಿಯ ಪಾಳಿಗೆ ಗಂಡಂದಿರನ್ನು ಕಳುಹಿಸಿದ ಹೆಂಗಸರು ಎದ್ದು ಬಾವಿಯ ಬಾಯಿಗೆ ಓಡುವರು. ಈಗ ಆ ಬಾವಿಗಳಲ್ಲಿ ನೀರು ತುಂಬಿದೆ. ಮೇಲೆ ಕಬ್ಬಿಣದ ಗೋಪುರಗಳು ತುಕ್ಕು ಹಿಡಿದು ನಿಂತಿವೆ. ರಾಶಿಗಳಲ್ಲಿ ಉಳಿದಿರುವ ಅಲ್ಪಸ್ವಲ್ಪ ಚಿನ್ನವನ್ನು ಮತ್ತೆ ತೆಗೆಯಲು ಕೇಂದ್ರ ಸರ್ಕಾರದವರು ಯೋಚಿಸಿ, 2024ರಲ್ಲಿ ರಾಜ್ಯದ ಮಂತ್ರಿಮಂಡಲವೂ ಸಮ್ಮತಿಸಿತು. ಕೆಲಸ ಬರುವುದೇ ಎಂದು ತರುಣರು ಕೇಳುತ್ತಾರೆ. ಕೆದಕಿದ ಧೂಳು ಎಲ್ಲಿಗೆ ಹೋಗುವುದು ಎಂದು ಮುದುಕರು ಕೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ದೊರೆಯಬೇಕು.

ಕ್ರಿಸ್ಮಸ್ ಬಂದಿತು. ಇಂಗ್ಲೆಂಡಿನವರಿದ್ದ ಕಾಲದ ದೇವಾಲಯಗಳು ಈ ಊರಿನಲ್ಲಿ ಅನೇಕ. ಸಾಲುಮನೆಗಳ ಮುಂದೆಲ್ಲ ಕಾಗದದ ನಕ್ಷತ್ರಗಳು ಬೆಳಗಿದುವು; ನಮ್ಮ ಮನೆಗೆ ಐದು ಕಡೆಯಿಂದ ತಿಂಡಿ ಬಂದಿತು, ಸಂಕ್ರಾಂತಿಗೆ ನಾವು ಎಳ್ಳು ಬೀರಿದೆವು. ಬೀದಿಯ ಮಕ್ಕಳು ನಾಯಿಗಳಿಗೆ ತಮಿಳು ಕಲಿಸಿದ್ದರು. ಕಾಳಿ ಈಗಲೂ "ವಾ" ಎಂದರೆ "ಬಾ" ಎಂಬುದಕ್ಕಿಂತ ಬೇಗ ಬರುತ್ತಾನೆ.

ಸಂಕ್ರಾಂತಿಯ ಮರುವಾರ ಹಿಂದಿರುಗುವುದೆಂದು ನಿಶ್ಚಯಿಸಿದ್ದೆವು. ಆದರೆ ಸರಮೆ ಆಹಾರವನ್ನು ಬಿಟ್ಟಳು. ಪಶುವೈದ್ಯರು ಬಂದು ನೋಡಿ, ಮೂತ್ರಪಿಂಡಗಳು ಸೋತಿವೆ, ವಯಸ್ಸಿನ ಧರ್ಮ, ಮೋಟಾರಿನಲ್ಲಿ ಕುಲುಕಿಸಿ ಒಯ್ಯಬೇಡಿ ಎಂದರು. ದಿನವೂ ಚರ್ಮದ ಕೆಳಗೆ ನೀರು ಕೊಡುವುದನ್ನು ನಮ್ಮಾಕೆಗೆ ಕಲಿಸಿದರು. ಮನೆಯ ಬಾಡಿಗೆಯನ್ನು ಇನ್ನೊಂದು ತಿಂಗಳಿಗೆ ಕಟ್ಟಿ ಉಳಿದೆವು. ಮೊದಲ ವಾರ ತುಸು ಗುಣ ಕಂಡಿತು. ಎದ್ದು ಬೇಲಿಯವರೆಗೆ ಹೋಗಿ ಕಾಳಿಯ ಮೇಲೆ ಬೊಗಳಿದಳು. ಬಳಿಕ ಏಳಲಿಲ್ಲ. ಮಾಘ ಮಾಸದ ಆದಿಯಲ್ಲಿ ಒಂದು ಮುಂಜಾನೆ, ಬೆಂಗಳೂರಿನ ಗಾಡಿಗೆ ಜನ ಓಡುತ್ತಿದ್ದ ಹೊತ್ತಿನಲ್ಲಿ, ಹೋದಳು.

ಬಂಗಲೆಯ ಒಡೆಯರು ಹಿತ್ತಿಲಿನ ಹುಣಿಸೆಯ ಮರದ ಕೆಳಗೆ ಮಣ್ಣು ಮಾಡಲು ಒಪ್ಪಿದರು. ಕೂಲಿಯವನನ್ನು ಕರೆಯಲು ಹೊರಟೆವು, ನೆರೆಯವರು ಬಿಡಲಿಲ್ಲ. ಗುದ್ದಲಿಯನ್ನು ಮೊಮ್ಮಗನ ಕೈಗೆ ಕೊಟ್ಟು, ತಾವು ಕುರ್ಚಿ ಹಾಕಿಕೊಂಡು ಕುಳಿತು, ಎಲ್ಲಿ ಅಗೆಯಬೇಕು, ಗೋಡೆ ಹೇಗೆ ನಿಲ್ಲಬೇಕು, ಎಷ್ಟು ಕೆಳಗೆ ಕಲ್ಲು ಸಿಕ್ಕುವುದು ಎಂಬುದನ್ನು ಹೇಳುತ್ತ ಹೋದರು. ಮೂರೂವರೆ ಅಡಿಗೆ ಕಲ್ಲು ಬಂದಿತು. ಅವರು ಹೇಳಿದ್ದೂ ಅಷ್ಟೇ. ನಾಲ್ಕು ಮೂಲೆಗಳೂ ನೇರವಾಗಿ, ಅಂಚು ಕುಸಿಯದೆ, ಅಳತೆ ಹಿಡಿದಂತಿದ್ದ ಆ ಗುಂಡಿಯನ್ನು ನೋಡಿ ಅವರು ತಲೆಯಾಡಿಸಿದರು. ಕೊನೆಯಲ್ಲಿ ತಾವೇ ಇಳಿದು ತಳವನ್ನು ಕೈಯಿಂದ ಸವರಿ ಸಮಮಾಡಿದರು. ಮೇಲಕ್ಕೆ ಹತ್ತಿಸಲು ನಾವೂ ಮೊಮ್ಮಗನೂ ಇಬ್ಬರೂ ಕೈಕೊಡಬೇಕಾಯಿತು.

ಮೂರು ದಿನಗಳ ಬಳಿಕ ಹೊರಟೆವು. ಕಾಳಿಯೊಬ್ಬನೇ ಆದ್ದರಿಂದ ಸಾಮಾನೂ ಕಡಿಮೆಯಾಗಿತ್ತು. ಬಂಗಾರಪೇಟೆಯಲ್ಲಿ ಶಿಷ್ಯನ ಮನೆಯಲ್ಲಿ ಊಟ ಮಾಡಿ, ಮೊದಲಿನಂತೆಯೇ ಮೋಟಾರಿನಲ್ಲಿ ಬೆಂಗಳೂರಿನ ದಾರಿ ಹಿಡಿದೆವು. ನೆರೆಯವರಿಗೆ ಔಷಧಿಯ ಒಂದು ಪಟ್ಟಿಯಿದೆ. ಅದರಲ್ಲಿ ಅಲ್ಲಿ ಸಿಕ್ಕದ ಎರಡನ್ನು ನಾವು ಪ್ರತಿ ತಿಂಗಳೂ ಅಂಚೆಯಲ್ಲಿ ಕಳುಹಿಸುತ್ತೇವೆ. ಹುಣಿಸೆಯ ಮರದ ಬುಡಕ್ಕೆ ಬಿಳಿಯ ಬೆಣಚುಕಲ್ಲೊಂದನ್ನು ಇಟ್ಟಿರುವುದಾಗಿ ಅವರ ಮೊಮ್ಮಗನು ಬರೆದಿದ್ದಾನೆ. ಬರುವ ಮಾರ್ಗಶಿರಕ್ಕೆ ಅದೇ ಬಂಗಲೆಯನ್ನು ಕೇಳಿ ಬರೆಯಬೇಕೆಂದು ನಮ್ಮಾಕೆ ನೆನ್ನೆ ಹೇಳಿದರು.